ತಿರುಗದ ತೊಟ್ಟಿ ಏನು ಹೇಳುತ್ತದೆ?

ಆಷಾಢ ಬಂತೆಂದರೆ ಗುಂಡ್ಲುಪೇಟೆ ಕಡೆಯ ಊರುಗಳಿಗೆ ಬಂಡೀಪುರದ ಕಾಡಿನ ದಿಕ್ಕಿನಿಂದ ತಣ್ಣನೆಯ ಗಾಳಿ ಬೀಸುತ್ತದೆ. ನಡುನಡುವೆ ಜಿಟಿಜಿಟಿ ಹನಿ. ಬೆಳಿಗ್ಗೆ ಹಗ್ಗಕ್ಕೆ ಹಾಕಿದ ಬಟ್ಟೆ ಸಂಜೆಗೂ ತೇವ, ಮರುದಿನಕ್ಕೂ ತೇವ. ಸೋಮವಾರಕ್ಕೆ ಸ್ಕೂಲ್ ಯೂನಿಫಾರಂ ಬೇಕು. ಹಳೆಯ ವಾಷಿಂಗ್ ಮೆಷಿನ್ ಕೈಕೊಡುವುದು ಸರಿಯಾಗಿ ಇಂಥ ಹೊತ್ತಿನಲ್ಲೇ. ಒಗೆಯುವುದೇನೋ ಒಗೆಯುತ್ತದೆ, ಹಿಂಡುವ ತೊಟ್ಟಿ ಮಾತ್ರ ತಿರುಗುವುದಿಲ್ಲ.

ಆಗ ಹಿಂಡುವ ಕೆಲಸ ಯಾರ ಪಾಲಿಗೆ ಬರುತ್ತದೆ? ಸಾಮಾನ್ಯವಾಗಿ ಅಜ್ಜಿಯ ಪಾಲಿಗೆ. ಒಣಗಿದಾಗ ಒಂದು ಕಿಲೋ ತೂಗುವ ಹತ್ತಿಯ ದುಪ್ಪಟಿ ನೀರಿನಿಂದ ಎತ್ತಿದ ಕೂಡಲೇ ಎರಡು ಮೂರು ಕಿಲೋ ದಾಟುತ್ತದೆ. ಅದನ್ನು ತಿರುಚಿ ಹಿಂಡಲು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ಬಲ ಬೇಕು. ಎಪ್ಪತ್ತು ದಾಟಿದ ಹಲವರಿಗೆ ನೋಯುವುದೂ ಆ ಕೀಲುಗಳೇ. ಆದ್ದರಿಂದ ಮಕ್ಕಳೇ, ತಿರುಗದ ತೊಟ್ಟಿಯನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ.

ಇಂಥ ಹೊತ್ತಿನಲ್ಲಿ ಕೆಲವರು ಮೆಷಿನ್ನಿಗೆ ಎರಡು ಗುದ್ದು ಕೊಡುತ್ತಾರೆ. ಇನ್ನು ಕೆಲವರು "ಗುಜರಿಗೆ ಹಾಕಿಬಿಡಿ" ಎನ್ನುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕಿವಿಗೊಟ್ಟು ಕೇಳುವುದು. ಡಾಕ್ಟರು ಔಷಧಿ ಬರೆಯುವ ಮೊದಲು ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರಲ್ಲವೇ, ಹಾಗೆ.

ಹಿಂಡುವುದು ಹೇಗೆ?

ಹಳೆಯ ಮೆಷಿನ್‌ಗಳಲ್ಲಿ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ನಮ್ಮ ಕಡೆ ಹೆಚ್ಚು. ಒಂದು ತೊಟ್ಟಿ ಒಗೆಯಲು, ಇನ್ನೊಂದು ಹಿಂಡಲು. ಹಿಂಡುವ ತೊಟ್ಟಿಯೊಳಗೆ ತೂತುತೂತಿನ ಬುಟ್ಟಿ ಇದೆ. ಮೋಟಾರು ಆ ಬುಟ್ಟಿಯನ್ನು ಜೋರಾಗಿ ತಿರುಗಿಸುತ್ತದೆ.

ನೆನೆದ ಕೊಡೆಯನ್ನು ಗಿರ್ರನೆ ತಿರುಗಿಸಿ ನೋಡಿದ್ದೀರಲ್ಲ? ಹನಿಗಳು ಅಂಚಿನಿಂದ ಸಿಡಿದು ಹೋಗುತ್ತವೆ. ಓಡುವ ವಸ್ತು ನೇರವಾಗಿ ಹೋಗಲು ನೋಡುತ್ತದೆ. ಅದನ್ನು ವೃತ್ತದಲ್ಲಿ ತಿರುಗಿಸಬೇಕಾದರೆ ಯಾರಾದರೂ ಒಳಕ್ಕೆ ತಡೆದು ಹಿಡಿಯಬೇಕು. ಮೆಷಿನ್ನಿನಲ್ಲಿ ಬಟ್ಟೆಯನ್ನು ಬುಟ್ಟಿಯ ಗೋಡೆ ತಡೆಯುತ್ತದೆ. ನೀರಿಗೆ ತೂತು ಸಿಗುತ್ತದೆ, ಅದು ಹೊರಗೆ ಹೋಗುತ್ತದೆ. ಇಷ್ಟೇ ಗುಟ್ಟು.

ವೇಗ ಎಷ್ಟು? ಇಂಥ ಬುಟ್ಟಿ ನಿಮಿಷಕ್ಕೆ ಸುಮಾರು 1300 ಸುತ್ತು ಹಾಕುತ್ತದೆ. ಅದರ ಸುತ್ತಳತೆ ಸುಮಾರು 75 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿ: 1300 ಸುತ್ತಿಗೆ 975 ಮೀಟರ್. ಅಂದರೆ ಬುಟ್ಟಿಯ ಗೋಡೆ ಗಂಟೆಗೆ 58 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ, ಹೆದ್ದಾರಿಯ ಬಸ್ಸಿನಂತೆ! ಐದು ನಿಮಿಷ ಹಿಂಡುವಷ್ಟರಲ್ಲಿ ನಿಮ್ಮ ಯೂನಿಫಾರಂ ಹತ್ತಿರ ಹತ್ತಿರ ಐದು ಕಿಲೋಮೀಟರ್ ಓಡಿರುತ್ತದೆ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರ್. ಏಳು ಸಲ ಹಿಂಡಿದರೆ ಬಟ್ಟೆ ಇದ್ದಲ್ಲೇ ಹತ್ತಿರ ಹತ್ತಿರ ಅಷ್ಟು ದೂರ ಹೋದಂತೆ.

ಹಾಲಿನ ಡೇರಿಯಲ್ಲಿ ಕೆನೆ ತೆಗೆಯುವ ಯಂತ್ರವೂ ಇದೇ ಉಪಾಯದ್ದು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಎಂಬ ಎಂಜಿನಿಯರ್ 1878ರಲ್ಲಿ ಬಿಡುವಿಲ್ಲದೆ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ. ಹಾಲು ಜೋರಾಗಿ ತಿರುಗಿದಾಗ ಹಗುರವಾದ ಕೆನೆ ನಡುವೆ ನಿಲ್ಲುತ್ತದೆ, ಉಳಿದ ಹಾಲು ಅಂಚಿಗೆ ಸರಿಯುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾದೀತು.

ಕೇಳುವ ಮೊದಲು

ಪರೀಕ್ಷೆಯನ್ನು ದೊಡ್ಡವರು ಮಾಡಬೇಕು, ಮಕ್ಕಳು ಒಂದು ಮಾರು ದೂರ ನಿಂತು ಕೇಳಿ ಬರೆದುಕೊಳ್ಳಬೇಕು. ನೆಲ ಒರೆಸಿ. ಕಾಲಿಗೆ ಒಣ ಚಪ್ಪಲಿ ಇರಲಿ. ಮೆಷಿನ್ ಮುಟ್ಟಿದಾಗ ಕೈ ಜುಮ್ಮೆಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮೆಷಿನ್ ಮುಟ್ಟದೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ನೋಡಿಸಿ.

ಈಗ ಬುಟ್ಟಿ ಖಾಲಿ ಮಾಡಿ, ಮುಚ್ಚಳ ಹಾಕಿ, ಹಿಂಡುವ ಗುಬುಟು ತಿರುಗಿಸಿ. ಹತ್ತು ಸೆಕೆಂಡು ಸಾಕು. ತಿರುಗದ ಮೋಟಾರಿಗೆ ಹೆಚ್ಚು ಹೊತ್ತು ಕರೆಂಟು ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಏನು ಕೇಳಿಸಿತು?

ಒಂದು: ಏನೂ ಇಲ್ಲ

ಪೂರ್ತಿ ಮೌನ ಎಂದರೆ ಮೋಟಾರಿಗೆ ಕರೆಂಟೇ ತಲುಪಿಲ್ಲ. ಎಲ್ಲಿ ನಿಂತಿತು? ಒಗೆಯುವ ಕಡೆ ಚಾಲೂ ಮಾಡಿ ನೋಡಿ. ಎರಡು ತೊಟ್ಟಿಗೆ ಎರಡು ಬೇರೆ ಬೇರೆ ಮೋಟಾರು. ಒಗೆಯುವುದು ನಡೆಯುತ್ತಿದ್ದರೆ ಗೋಡೆಯ ಸ್ವಿಚ್ಚು, ಪ್ಲಗ್ಗು, ವೈರು ಸರಿಯಾಗಿವೆ. ಅರ್ಧ ಅನುಮಾನ ಒಂದೇ ಏಟಿಗೆ ಕಳೆಯಿತು. ಉಳಿದದ್ದು ಹಿಂಡುವ ಟೈಮರು, ಮುಚ್ಚಳದ ಸ್ವಿಚ್ಚು, ಮೋಟಾರು ಮತ್ತು ಅದಕ್ಕೆ ಹೋಗುವ ಒಳಗಿನ ವೈರು.

ಮುಚ್ಚಳದ ಕೀಲಿನ ಹತ್ತಿರ ಒಂದು ಸಣ್ಣ ಸ್ವಿಚ್ ಇರುತ್ತದೆ. ಮುಚ್ಚಳ ಪೂರ್ತಿ ಕೂತರೆ ಮಾತ್ರ ಅದು ಕರೆಂಟು ಬಿಡುತ್ತದೆ. ಹಳೆಯ ಮೆಷಿನ್ನಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಸೊಟ್ಟಗಾಗಿ, ಒಂದು ಮೂಲೆ ಮೇಲೆದ್ದಿರಬಹುದು. ಮುಚ್ಚುವಾಗ ಸಣ್ಣಗೆ ಟಕ್ ಎಂದು ಕೇಳಿಸುತ್ತಿತ್ತೇ, ಈಗ ಕೇಳಿಸುತ್ತಿಲ್ಲವೇ ಎಂದು ಅಜ್ಜಿಯನ್ನು ಕೇಳಿ. ದಿನವೂ ಮುಚ್ಚಿದ ಕೈಗೆ ಅದು ಗೊತ್ತಿರುತ್ತದೆ.

ಹಳ್ಳಿ ಮನೆಗಳಲ್ಲಿ ಇನ್ನೊಬ್ಬ ಆರೋಪಿ ಇಲಿರಾಯ. ಇಂಥ ಮೆಷಿನ್ನಿನ ತಳ ಹಲವು ಬಾರಿ ತೆರೆದೇ ಇರುತ್ತದೆ. ಬೆಚ್ಚಗಿನ ಜಾಗವೆಂದು ಒಳಗೆ ಸೇರಿ ವೈರು ಕಡಿಯುತ್ತದೆ. ಸುತ್ತಮುತ್ತ ಹಿಕ್ಕೆ, ಪ್ಲಾಸ್ಟಿಕ್ ಚೂರು ಕಂಡರೆ ಪ್ಲಗ್ ಹಾಕಲೇಬೇಡಿ.

ಎರಡು: ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಮೋಟಾರಿಗೆ ಕರೆಂಟು ಬಂದಿದೆ, ಆದರೆ ಓಡಲು ಆಗುತ್ತಿಲ್ಲ. ಯಾರೋ ಹಿಡಿದಿದ್ದಾರೆ, ಇಲ್ಲವೇ ಶಕ್ತಿ ಸಾಲದು.

ಹಿಡಿದಿರುವವರನ್ನು ಮೊದಲು ಹುಡುಕೋಣ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಬುಟ್ಟಿಗೂ ಹೊರಗಿನ ತೊಟ್ಟಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಮಗುವಿನ ಕಾಲುಚೀಲ, ಕರ್ಚೀಫು, ಲಾಡಿ ಅಲ್ಲಿ ಜಾರಿ ಬುಟ್ಟಿಗೆ ಸುತ್ತಿಕೊಂಡಿರುವುದು ಬಹಳ ಸಾಮಾನ್ಯ. ಇನ್ನೊಂದು ಹಿಡಿತ ಬ್ರೇಕಿನದು. ಬುಟ್ಟಿಯ ಕೆಳಗೆ ಸೈಕಲ್ಲಿಗೆ ಇರುವಂತೆ ಒಂದು ಬ್ರೇಕು, ಅದಕ್ಕೂ ಮುಚ್ಚಳಕ್ಕೂ ಒಂದು ತಂತಿ. ಮುಚ್ಚಳ ಮುಚ್ಚಿದಾಗ ತಂತಿ ಬಿಗಿದು ಬ್ರೇಕು ಬಿಡುತ್ತದೆ, ತೆಗೆದಾಗ ಹಿಡಿಯುತ್ತದೆ. ವರ್ಷಗಟ್ಟಲೆ ಎಳೆದ ತಂತಿ ಸಡಿಲವಾದರೆ ಮುಚ್ಚಳ ಮುಚ್ಚಿದರೂ ಬ್ರೇಕು ಬಿಡುವುದಿಲ್ಲ. ಮೆಕ್ಯಾನಿಕ್ ತಂತಿ ಬಿಗಿದರೆ ಮುಗಿಯಿತು.

ಶಕ್ತಿ ಸಾಲದಿರುವುದಕ್ಕೆ ಮೊದಲ ಕಾರಣ ಕೆಪಾಸಿಟರ್. ಅಜ್ಜಿಯ ಕಾಲಿನ ಹೊಲಿಗೆ ಯಂತ್ರ ನೋಡಿದ್ದೀರಾ? ಒಮ್ಮೊಮ್ಮೆ ಎಷ್ಟು ತುಳಿದರೂ ಗಾಲಿ ಹೊರಡುವುದಿಲ್ಲ. ಆಗ ಅಜ್ಜಿ ಮೇಲಿನ ಗಾಲಿಯನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತಾರೆ, ಆಮೇಲೆ ಸರಾಗ. ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗುತ್ತದೆ. ಅದೊಂದರಿಂದಲೇ ಮೋಟಾರಿಗೆ ಯಾವ ಕಡೆ ಹೊರಡಬೇಕೆಂದು ತಿಳಿಯದೆ ಗುಂಯ್ಗುಟ್ಟುತ್ತದೆ. ಕೆಪಾಸಿಟರ್ ಎಂಬ ಸಣ್ಣ ಡಬ್ಬಿ ಎರಡನೆಯ ಸುರುಳಿಗೆ ಸ್ವಲ್ಪ ಮುಂದೆ ಸರಿದ ಕರೆಂಟು ಕೊಟ್ಟು, ಅಜ್ಜಿಯ ಕೈ ಮಾಡಿದ ಕೆಲಸ ಮಾಡುತ್ತದೆ. ವಯಸ್ಸಾದ ಕೆಪಾಸಿಟರ್ ಸೊರಗಿದರೆ ಗುಂಯ್ ಸದ್ದು ಮಾತ್ರ ಉಳಿಯುತ್ತದೆ. ಇಡೀ ಮೆಷಿನ್ನಿನಲ್ಲಿ ಅಗ್ಗದ ಬಿಡಿಭಾಗಗಳಲ್ಲಿ ಇದೂ ಒಂದು. ಆದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಒಳಗೆ ಕರೆಂಟು ಕೂಡಿಟ್ಟುಕೊಂಡು ಜೋರಾಗಿ ಹೊಡೆಯಬಲ್ಲದು. ಅದನ್ನು ಮುಟ್ಟುವ ಹಕ್ಕು ಕೆಲಸ ಬಲ್ಲವರಿಗೆ ಮಾತ್ರ. ಕೈಯಿಂದ ಬುಟ್ಟಿ ತಿರುಗಿಸಿ "ಹೊರಡಿಸಿ" ನೋಡುವುದೂ ಬೇಡ.

ಎರಡನೆಯ ಕಾರಣ ವೋಲ್ಟೇಜು. ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಮನೆಯ ಬಲ್ಬು ಮಂಕಾಗುವುದನ್ನು ಕಂಡಿರಬಹುದು. ಮನೆಗೆ 230 ವೋಲ್ಟ್ ಬರಬೇಕು. ಅದು 160ಕ್ಕೆ ಇಳಿದರೆ ಬಲ್ಬು ಸ್ವಲ್ಪ ಮಂಕು ಅಷ್ಟೇ ಎಂದುಕೊಳ್ಳುತ್ತೇವೆ. ಆದರೆ ಇಂಥ ಮೋಟಾರಿನ ತಿರುಗಿಸುವ ಬಲ ಅರ್ಧಕ್ಕೇ ಇಳಿದಿರುತ್ತದೆ. ಸಂಜೆ ತಿರುಗದ ಮೆಷಿನ್ ಬೆಳಗಿನ ಜಾವ ತಿರುಗಿದರೆ ಕಾಯಿಲೆ ಮೆಷಿನ್ನಿನದಲ್ಲ.

ಮೂರು: ಧಡ್ ಧಡ್ ಎಂದು ಕುಣಿಯುತ್ತದೆ

ಖಾಲಿ ಇದ್ದಾಗ ಚೆನ್ನಾಗಿ ತಿರುಗಿ, ಬಟ್ಟೆ ಹಾಕಿದಾಗ ಕುಣಿದರೆ ಅದು ತೂಕದ ದೋಷ. ಕುಂಬಾರರು ತಿಗರಿಯ ಸರಿಯಾದ ನಡುವಿಗೆ ಮಣ್ಣಿನ ಮುದ್ದೆ ಕೂರಿಸುವುದನ್ನು ನೋಡಿದವರಿಗೆ ಇದು ಗೊತ್ತು. ಬೆರಳಷ್ಟು ಆಚೀಚೆ ಆದರೂ ಮಡಕೆ ಓಲಾಡುತ್ತದೆ. ನಮ್ಮ ಬುಟ್ಟಿ ಪೂರ್ತಿ ವೇಗದಲ್ಲಿರುವಾಗ ಒಂದು ಪಕ್ಕಕ್ಕೆ 100 ಗ್ರಾಂ ಹೆಚ್ಚಾದರೆ, 20 ಕಿಲೋ ಮೂಟೆ ಕಟ್ಟಿ ಎಳೆದಷ್ಟು ಬಲ ಆ ಪಕ್ಕಕ್ಕೆ ಜಗ್ಗುತ್ತದೆ. ಒಂದು ಒದ್ದೆ ಟವೆಲ್ಲಿಗೆ ಅಷ್ಟು ಬಲ!

ಮದ್ದು ಸುಲಭ. ಸ್ವಿಚ್ ಆರಿಸಿ, ಬುಟ್ಟಿ ನಿಂತ ಮೇಲೆ ಬಟ್ಟೆ ತೆಗೆದು ಸುತ್ತಲೂ ಸಮನಾಗಿ ಒತ್ತಿ. ಮೇಲೆ ಪ್ಲಾಸ್ಟಿಕ್ ಬಿಲ್ಲೆ ಇಡುವುದನ್ನು ಮರೆಯಬೇಡಿ. ಒಂದೇ ಜೀನ್ಸ್ ಹಾಕುವ ಬದಲು ಜೊತೆಗೆ ಎರಡು ಟವೆಲ್ ಹಾಕಿ. ಮೆಷಿನ್ನಿನ ನಾಲ್ಕು ಕಾಲೂ ನೆಲ ಮುಟ್ಟಿವೆಯೇ ನೋಡಿ. ನೀರು ಹರಿಯಲೆಂದು ಇಳಿಜಾರು ಮಾಡಿದ ಬಚ್ಚಲಿನ ನೆಲದಲ್ಲಿ ಒಂದು ಕಾಲು ಗಾಳಿಯಲ್ಲಿರುವುದುಂಟು.

ನಾಲ್ಕು: ಮೋಟಾರು ಓಡುತ್ತದೆ, ಬುಟ್ಟಿ ನಿಂತಿದೆ ಅಥವಾ ನಿಧಾನ

ಓಡುವ ಸದ್ದು ಸರಾಗವಾಗಿದ್ದೂ ಬುಟ್ಟಿ ತಿರುಗದಿದ್ದರೆ, ಮೋಟಾರಿಗೂ ಬುಟ್ಟಿಗೂ ನಡುವಿನ ಜೋಡಣೆಯ ಬೋಲ್ಟು ಸಡಿಲವಾಗಿರಬಹುದು. ಸರಪಳಿ ಕಳಚಿದ ಸೈಕಲ್ಲಿನಂತೆ ಪೆಡಲ್ ಸುತ್ತುತ್ತದೆ, ಗಾಡಿ ಹೋಗುವುದಿಲ್ಲ. ಬುಟ್ಟಿ ತಿರುಗಿಯೂ ನಿಧಾನವಾಗಿದ್ದರೆ ತಳದಲ್ಲಿ ನೀರು ನಿಂತಿದೆಯೇ ನೋಡಿ. ನೀರು ಬಿಡುವ ಪೈಪು ನೆಲಕ್ಕೆ ಇಳಿದಿರಬೇಕು. ಅದು ಮಡಚಿದ್ದರೆ, ಮೇಲಕ್ಕೆ ಎತ್ತಿ ಕಟ್ಟಿದ್ದರೆ, ಒಳಗೆ ನಾರು ಕಟ್ಟಿದ್ದರೆ ಬುಟ್ಟಿ ನೀರಿನಲ್ಲೇ ಈಜುತ್ತಿರುತ್ತದೆ.

ಒಂದೇ ತೊಟ್ಟಿಯ ಪೂರ್ತಿ ಆಟೋಮ್ಯಾಟಿಕ್ ಮೆಷಿನ್ ಇರುವವರು ಮೊದಲು ನೋಡಬೇಕಾದದ್ದೂ ಇದನ್ನೇ. ನೀರು ಪೂರ್ತಿ ಹೋಗದೆ ಅದು ಹಿಂಡಲು ಒಪ್ಪುವುದಿಲ್ಲ. ಮೇಲಿನಿಂದ ಬಟ್ಟೆ ಹಾಕುವ ಹಲವು ಮೆಷಿನ್‌ಗಳಲ್ಲಿ ನೀರಿನ ಬಾಗಿಲು ತೆರೆಯುವ ಸಣ್ಣ ಮೋಟಾರೇ ಬುಟ್ಟಿಯನ್ನು ಹಿಂಡುವ ಗೇರಿಗೂ ಹಾಕುತ್ತದೆ. ಅದು ಕೆಟ್ಟರೆ ನೀರೂ ಹೋಗುವುದಿಲ್ಲ, ಹಿಂಡುವುದೂ ಇಲ್ಲ. ಮುಂದಿನಿಂದ ಹಾಕುವ ಮೆಷಿನ್ನಿನಲ್ಲಿ ಕೆಳಗಿನ ಮೂಲೆಯ ಜಾಲರಿ ಬಿಚ್ಚಿದರೆ ಪಿನ್ನು, ಗುಂಡಿ, ಐದು ರೂಪಾಯಿ ನಾಣ್ಯ ಎಲ್ಲ ಸಿಗುವುದುಂಟು.

ನೀರಿನ ಗಡಸುತನ

ನಮ್ಮ ಕಡೆಯ ಕೊಳವೆಬಾವಿಯ ನೀರು ಕಲ್ಲುಬಂಡೆಯ ಸಂದಿಯಿಂದ ಬರುವುದು. ಅನೇಕ ಊರುಗಳಲ್ಲಿ ಅದು ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಸ್ನಾನದ ಹಂಡೆಯ ಒಳಗೆ ಬಿಳಿ ಸುಣ್ಣ ಕಟ್ಟುತ್ತದಲ್ಲ, ಮೆಷಿನ್ನಿನ ಪೈಪಿನಲ್ಲೂ ಅದೇ ಕಟ್ಟುತ್ತದೆ. ಅದಕ್ಕೆ ಸೋಪಿನ ಜಿಡ್ಡು, ಬಟ್ಟೆಯ ನಾರು, ಕೆಮ್ಮಣ್ಣು ಸೇರಿದರೆ ನೀರಿನ ದಾರಿ ಕಿರಿದಾಗುತ್ತದೆ. ಹೊಲದಿಂದ ಬಂದ ಬಟ್ಟೆಯನ್ನು ಮೊದಲು ಬಕೆಟ್ಟಿನಲ್ಲಿ ಜಾಲಿಸಿ ಮಣ್ಣು ಬಿಡಿಸಿ. ನಾರು ಹಿಡಿಯುವ ಚೀಲವನ್ನು ವಾರಕ್ಕೊಮ್ಮೆ ತೊಳೆಯಿರಿ. ಮಳೆನೀರು ಹಿಡಿದಿಟ್ಟವರು ಅದರಲ್ಲೇ ಒಗೆದರೆ ಸೋಪೂ ಕಡಿಮೆ ಸಾಕು.

ಇದೊಂದನ್ನು ಮಾತ್ರ ಮಾಡಬೇಡಿ

ಮುಚ್ಚಳದ ಸ್ವಿಚ್ ಕೆಟ್ಟಾಗ ಕೆಲವರು ಎರಡು ವೈರನ್ನು ನೇರ ಜೋಡಿಸಿಬಿಡುತ್ತಾರೆ. ತೊಟ್ಟಿ ತಿರುಗುತ್ತದೆ, ಖರ್ಚೂ ಉಳಿಯಿತು ಎನ್ನಿಸುತ್ತದೆ. ಆದರೆ ಅಂದಿನಿಂದ ಆ ಮೆಷಿನ್ ಮುಚ್ಚಳ ತೆಗೆದರೂ ತಿರುಗುತ್ತಲೇ ಇರುತ್ತದೆ. ಬುಟ್ಟಿಯ ಗೋಡೆ ಹೆದ್ದಾರಿಯ ಬಸ್ಸಿನ ವೇಗದಲ್ಲಿ ಓಡುತ್ತದೆ ಎಂದು ಲೆಕ್ಕ ಹಾಕಿದೆವಲ್ಲ? ಅದರೊಳಗೆ ಒಂದು ಪುಟ್ಟ ಕೈ ಹೋದರೆ, ಒದ್ದೆ ಬಟ್ಟೆ ಆ ಕೈಗೆ ಸುತ್ತಿಕೊಂಡರೆ, ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಅಜ್ಜಿಯ ಸೆರಗಿಗೂ ಇದೇ ಮಾತು.

ಮೆಕ್ಯಾನಿಕ್ "ಸದ್ಯಕ್ಕೆ ನೇರ ಮಾಡಿಕೊಡುತ್ತೇನೆ" ಎಂದರೆ "ಬೇಡಪ್ಪ, ಸ್ವಿಚ್ಚೇ ಹಾಕಿಕೊಡು, ಎರಡು ದಿನ ಕಾಯುತ್ತೇವೆ" ಎನ್ನಿ. ಬ್ರೇಕನ್ನೂ ಪರೀಕ್ಷಿಸಿ. ಹಿಂಡುವಾಗ ಮುಚ್ಚಳ ಎತ್ತಿದರೆ ಬುಟ್ಟಿ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ಬಹಳ ಹೊತ್ತು ಸುತ್ತುತ್ತಲೇ ಇದ್ದರೆ ಬ್ರೇಕು ಸವೆದಿದೆ. ರಿಪೇರಿ ಆಗುವವರೆಗೆ ಆ ತೊಟ್ಟಿ ಬಳಸಬೇಡಿ. ಎರಡು ದಿನ ಬಟ್ಟೆ ತೇವ ಇದ್ದರೆ ಇರಲಿ.

ಫೋನಿನಲ್ಲಿ ಏನು ಹೇಳಬೇಕು?

ಮೆಕ್ಯಾನಿಕ್ ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಇರುತ್ತಾರೆ, ನಿಮ್ಮ ಊರು ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ. "ಮೆಷಿನ್ ಕೆಟ್ಟಿದೆ, ಬನ್ನಿ" ಎಂದಷ್ಟೇ ಹೇಳಿದರೆ ಅವರು ಒಮ್ಮೆ ನೋಡಲು ಬರಬೇಕು, ಸಾಮಾನು ತರಲು ಹೋಗಬೇಕು, ಮತ್ತೆ ಬರಬೇಕು. ಎರಡು ಓಡಾಟದ ಖರ್ಚು ಬೀಳುವುದು ನಿಮ್ಮ ತಲೆಗೇ. ಎಷ್ಟೋ ಒಳ್ಳೆಯ ಮೆಷಿನ್ ಗುಜರಿಗೆ ಹೋಗುವುದು ರಿಪೇರಿ ಆಗದೆ ಅಲ್ಲ, ಈ ಓಡಾಟ ಸಾಕಾಗಿ.

ಅದರ ಬದಲು ಹೀಗೆ ಹೇಳಿ: "ಎರಡು ತೊಟ್ಟಿಯ ಮೆಷಿನ್. ಒಗೆಯುವ ಕಡೆ ಸರಿ ಇದೆ. ಹಿಂಡುವ ಕಡೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಸಂದಿಯಲ್ಲಿ ಬಟ್ಟೆ ಸಿಕ್ಕಿಲ್ಲ. ಬೆಳಿಗ್ಗೆ ವೋಲ್ಟೇಜ್ ಚೆನ್ನಾಗಿದ್ದಾಗಲೂ ಹಾಗೇ." ಇಷ್ಟು ಕೇಳಿದ ಅನುಭವಿ ಮೆಕ್ಯಾನಿಕ್ ಚೀಲಕ್ಕೆ ಒಂದು ಕೆಪಾಸಿಟರು, ಒಂದು ಬ್ರೇಕ್ ತಂತಿ ಹಾಕಿಕೊಂಡೇ ಹೊರಡುತ್ತಾರೆ. ಮೆಷಿನ್ನಿನ ಹಿಂಬದಿಯ ಚೀಟಿಯಲ್ಲಿರುವ ಮಾಡೆಲ್ ನಂಬರನ್ನೂ ಓದಿ ಹೇಳಿ. ಆ ಸಣ್ಣ ಅಕ್ಷರ ಅಜ್ಜನಿಗೆ ಕಾಣದು, ಮೊಮ್ಮಗಳಿಗೆ ಕಾಣುತ್ತದೆ. ಹೋದ ವರ್ಷ ಯಾವ ಸದ್ದು ಇತ್ತು ಎಂಬುದು ಮೊಮ್ಮಗಳಿಗೆ ನೆನಪಿರದು, ಅಜ್ಜನಿಗೆ ಇರುತ್ತದೆ. ಇಬ್ಬರೂ ಒಟ್ಟಿಗೆ ಕೂತರೆ ಕೆಲಸ ಸಲೀಸು.

ಬಂದ ಮೆಕ್ಯಾನಿಕ್ "ಮೋಟಾರೇ ಸುಟ್ಟಿದೆ, ತಳವೆಲ್ಲ ತುಕ್ಕು" ಎಂದರೆ ಮಾತ್ರ ಹೊಸದರ ಯೋಚನೆ ಮಾಡಿ. ಆಗಲೂ ಹಳೆಯದನ್ನು ರಸ್ತೆಬದಿ ಬಿಸಾಡಬೇಡಿ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಾಷಿಂಗ್ ಮೆಷಿನ್ ಕೂಡ ಇದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ತೆಗೆದುಕೊಳ್ಳುತ್ತಾರಾ ಎಂದು ಕೇಳಿ.

ಈ ವಾರದ ಕೆಲಸ

ಮಕ್ಕಳೇ, ನಿಮ್ಮ ಮನೆಯ ಮೆಷಿನ್ ಸರಿ ಇದ್ದರೆ ಒಂದು ಲೆಕ್ಕ ಮಾಡಿ. ಒಣ ಟವೆಲ್ಲನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ನೀರಿನಲ್ಲಿ ಅದ್ದಿ, ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ತೂಗಿ. ಮೆಷಿನ್ನಿನಲ್ಲಿ ಹಿಂಡಿದ ಮೇಲೆ ಮೂರನೆಯ ಸಲ ತೂಗಿ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ಹಾಗಾದರೆ ಮೆಷಿನ್ ಎಷ್ಟು ನೀರು ತೆಗೆಯಿತು? ಅದೇ ಟವೆಲ್ಲನ್ನು ಇನ್ನೊಮ್ಮೆ ಅದ್ದಿ, ಈ ಸಲ ಮೆಷಿನ್ ಬಿಟ್ಟು ನೀವೇ ಕೈಯಿಂದ ಹಿಂಡಿ ತೂಗಿ.

ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಬರೆದು ಅಜ್ಜಿಗೆ ತೋರಿಸಿ. ಮೆಷಿನ್ ಇಲ್ಲದ ಕಾಲದಲ್ಲಿ ದಿನಕ್ಕೆ ಎಷ್ಟು ಬಟ್ಟೆ ಹಿಂಡುತ್ತಿದ್ದರು ಎಂದು ಕೇಳಿ, ಅದನ್ನೂ ಬರೆದುಕೊಳ್ಳಿ.